ಹಳೆಯ ಬಂಡಿಯ ಹದ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳು ಚಿಕ್ಕಮಗಳೂರು ಜಿಲ್ಲೆಯ ಅಚ್ಚ ಮಲೆನಾಡು. ಬಯಲುಸೀಮೆಯಂತೆ ಇಲ್ಲಿ ಮನೆಗಳು ಒತ್ತೊತ್ತಾಗಿ ಸೇರಿ ಊರಾಗುವುದಿಲ್ಲ. ಅಡಕೆ ತೋಟದ ತಲೆಯಲ್ಲೊಂದು ಮನೆ, ಗುಡ್ಡದ ಓರೆಯಲ್ಲೊಂದು ಮನೆ, ಹಳ್ಳದಾಚೆ ಮತ್ತೊಂದು ಮನೆ. ಇವೆಲ್ಲ ಸೇರಿ ಒಂದು ಹಳ್ಳಿ. ಅಂಗಡಿ, ಅಂಚೆ ಕಚೇರಿ, ಆಸ್ಪತ್ರೆಗಳೆಲ್ಲ ಮೈಲಿಗಳಾಚೆ. ಮಳೆಗಾಲ ಬಂದಿತೆಂದರೆ ತಿಂಗಳುಗಟ್ಟಲೆ ಬಿಡದೆ ಸುರಿಯುವ ಮಳೆ, ಕೆಸರಾದ ದಾರಿ, ತುಂಬಿ ಹರಿಯುವ ಹಳ್ಳ. ಬಸ್ಸುಗಳು ವಿರಳವಾಗಿದ್ದ ಕಾಲದಲ್ಲಿ ಇಂತಹ ಮನೆಯೊಂದಕ್ಕೆ ಮೋಟಾರ್ ಸೈಕಲ್ ಬಂದರೆ ಅದು ಮನೆಯ ಕುದುರೆಯಾಗುತ್ತಿತ್ತು. ನಡುರಾತ್ರಿಯಲ್ಲಿ ವೈದ್ಯರನ್ನು ಕರೆತರಲು ಅದೇ ಬೇಕು. ಪೇಟೆಯಿಂದ ಗೊಬ್ಬರದ ಚೀಲ ತರಲು ಅದೇ ಬೇಕು. ನೆಂಟರ ಮನೆಯ ಮದುವೆಗೂ ಅದೇ ಬೇಕು. ಹೀಗೆ ದುಡಿದ ಬಂಡಿಗಳಲ್ಲಿ ಮೈಸೂರಿನಲ್ಲಿ ತಯಾರಾದ ಜಾವಾ ಮತ್ತು ಯೆಜ್ದಿಗಳಿಗೆ ವಿಶೇಷ ಸ್ಥಾನವಿದೆ.

ಜಾವಾ ಎಂಬ ಹೆಸರು ಹುಟ್ಟಿದ್ದು ಮಧ್ಯ ಯೂರೋಪಿನ ಚೆಕೊಸ್ಲೊವಾಕಿಯದಲ್ಲಿ. ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ ೧೯೨೯ರಲ್ಲಿ ಜರ್ಮನಿಯ ವಾಂಡರರ್ ಸಂಸ್ಥೆಯಿಂದ ಮೋಟಾರ್ ಸೈಕಲ್ ತಯಾರಿಕೆಯ ಹಕ್ಕನ್ನು ಪಡೆದನು. ತನ್ನ ಹೆಸರಿನ ಮೊದಲ ಎರಡು ಅಕ್ಷರಗಳನ್ನೂ ಆ ಸಂಸ್ಥೆಯ ಹೆಸರಿನ ಮೊದಲ ಎರಡು ಅಕ್ಷರಗಳನ್ನೂ ಜೋಡಿಸಿ ತನ್ನ ಬಂಡಿಗೆ ಹೆಸರಿಟ್ಟನು. ಮೂರು ದಶಕಗಳ ಬಳಿಕ ಆ ಬಂಡಿ ಕನ್ನಡ ನಾಡಿಗೆ ಬಂದಿತು. ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿಯವರು ೧೯೬೦ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಸಂಸ್ಥೆಯನ್ನು ಸ್ಥಾಪಿಸಿದರು. ಯಾದವಗಿರಿಯಲ್ಲಿ ತಲೆಯೆತ್ತಿದ ಕಾರ್ಖಾನೆಯನ್ನು ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು ೧೯೬೧ರಲ್ಲಿ ಉದ್ಘಾಟಿಸಿದರು. ೧೯೭೩ರಿಂದ ಇಲ್ಲಿನ ಬಂಡಿಗಳು ಯೆಜ್ದಿ ಎಂಬ ಹೆಸರಿನಿಂದ ಹೊರಬಂದವು. ೧೯೭೮ರಲ್ಲಿ ಬಂದ ರೋಡ್‌ಕಿಂಗ್ ತರುಣರ ಮನಗೆದ್ದಿತು. ಆದರೆ ಕಾಲ ನಿಲ್ಲಲಿಲ್ಲ. ಕಡಿಮೆ ಪೆಟ್ರೋಲಿನಲ್ಲಿ ಹೆಚ್ಚು ದೂರ ಸಾಗುವ ಹಗುರ ಬಂಡಿಗಳು ಮಾರುಕಟ್ಟೆಗೆ ಬಂದವು. ಹೊಗೆಯನ್ನು ಕುರಿತ ನಿಯಮಗಳು ಬಿಗಿಯಾದವು. ೧೯೯೬ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು.

ಕಾರ್ಖಾನೆ ಮುಚ್ಚಿದರೂ ಬಂಡಿಗಳು ಉಳಿದವು. ಮಲೆನಾಡಿನ ಕೊಟ್ಟಿಗೆಗಳಲ್ಲಿ, ಕಟ್ಟಿಗೆ ರಾಶಿಯ ಪಕ್ಕದಲ್ಲಿ, ಹಳೆಯ ಕಂಬಳಿ ಹೊದ್ದು ಅವು ಮಲಗಿದವು. ಅಂತಹ ಬಂಡಿಯೊಂದು ಮರಳಿ ಎದ್ದು ನಿಲ್ಲುವ ಬಗೆಯನ್ನು ತಿಳಿಯಲು ಕೊಪ್ಪದ ಸಮೀಪದ ತೋಟದ ಮನೆಯೊಂದನ್ನು ಕಣ್ಮುಂದೆ ತಂದುಕೊಳ್ಳಬಹುದು.

ಆ ಮನೆಯ ಹಿರಿಯರು ಎಪ್ಪತ್ತು ದಾಟಿದವರು. ೧೯೭೦ರ ದಶಕದಲ್ಲಿ, ಅಡಕೆ ಮಾರಿದ ಹಣದಲ್ಲಿ ಅವರೊಂದು ಯೆಜ್ದಿಯನ್ನು ಕೊಂಡಿದ್ದರು. ಈಗ ಅವರಿಗೆ ಮೊಣಕಾಲು ನೋವು, ಕಣ್ಣೂ ಮಂದ. ಬಂಡಿಯು ಹದಿನೈದು ವರ್ಷಗಳಿಂದ ಕೊಟ್ಟಿಗೆಯಲ್ಲಿದೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗ ರಜೆಗೆಂದು ಮಗಳೊಡನೆ ಊರಿಗೆ ಬಂದಾಗ ಕೊಟ್ಟಿಗೆಯನ್ನು ತೆರವು ಮಾಡಲು ಹೊರಟನು.

"ಅಪ್ಪಯ್ಯ, ನಾಳೆ ಗುಜರಿಯವನು ಬರ್ತಾನೆ. ಈ ಗಾಡಿಯನ್ನೂ ಕೊಟ್ಟುಬಿಡುವ. ಸುಮ್ಮನೆ ಜಾಗ ತಿನ್ನುತ್ತಿದೆ."

ಹಿರಿಯರು ಕೂಡಲೇ ಉತ್ತರಿಸಲಿಲ್ಲ. ಜಗಲಿಯಲ್ಲಿ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದವರು ಸ್ವಲ್ಪ ಹೊತ್ತಿನ ಮೇಲೆ, "ಕೊಡು. ಆದರೆ ನೀನು ಹುಟ್ಟಿದ ರಾತ್ರಿ ಸೂಲಗಿತ್ತಿಯನ್ನು ಕರೆತಂದದ್ದು ಅದೇ. ಅದು ನೆನಪಿರಲಿ" ಎಂದರು. ಮಗನಿಗೆ ಮಾತು ಹೊರಡಲಿಲ್ಲ. ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ಮೊಮ್ಮಗಳು ಮಾತ್ರ ಕಂಬಳಿಯನ್ನು ಸರಿಸಿ ಧೂಳು ಹಿಡಿದ ಟ್ಯಾಂಕಿನ ಮೇಲೆ ಬೆರಳಾಡಿಸಿ, "ಅಜ್ಜಯ್ಯ, ಇದು ಇನ್ನೂ ಓಡುತ್ತದೆಯೆ?" ಎಂದು ಕೇಳಿದಳು.

"ಓಡದೆ ಏನು ಮಗಾ! ಓಡಿಸುವುದು ಗೊತ್ತಿರಬೇಕು ಅಷ್ಟೆ."

ಗುಜರಿಯವನಿಗೆ ಬರಬೇಡವೆಂದು ಹೇಳಿ ಕಳುಹಿಸಲಾಯಿತು. ಮರುದಿನ ಬೆಳಗ್ಗೆ ಬಂಡಿಯು ಅಂಗಳಕ್ಕೆ ಬಂದಿತು.

ಹಳೆಯ ಯಂತ್ರವನ್ನು ಎಬ್ಬಿಸುವ ಮುನ್ನ ಅದು ಉಸಿರಾಡುವ ಬಗೆಯನ್ನು ಅರಿಯಬೇಕು. ಯೆಜ್ದಿಯದು ಎರಡು ಹೊಡೆತದ, ಅಂದರೆ ಟೂ-ಸ್ಟ್ರೋಕ್ ಜಾತಿಯ ಎಂಜಿನ್ನು. ಇದರಲ್ಲಿ ಸಿಲಿಂಡರು ಒಂದೇ. ಅದರೊಳಗಿನ ಅವಕಾಶ ಸುಮಾರು ೨೫೦ ಘನ ಸೆಂಟಿಮೀಟರು. ಪಿಸ್ಟನ್ನು ಮೇಲೇರುವಾಗ ತನ್ನ ತಲೆಯ ಮೇಲಿರುವ ಪೆಟ್ರೋಲು-ಗಾಳಿಯ ಮಿಶ್ರಣವನ್ನು ಒತ್ತುತ್ತದೆ. ಅದೇ ವೇಳೆ ಕೆಳಗಿನ ಕೋಣೆಯೊಳಕ್ಕೆ ಹೊಸ ಮಿಶ್ರಣವನ್ನು ಸೆಳೆದುಕೊಳ್ಳುತ್ತದೆ. ಒತ್ತಡ ತುದಿಮುಟ್ಟುವ ಹೊತ್ತಿಗೆ ಪ್ಲಗ್ಗಿನಿಂದ ಕಿಡಿ ಹಾರುತ್ತದೆ. ಮಿಶ್ರಣ ಉರಿದು ಪಿಸ್ಟನ್ನನ್ನು ಕೆಳಕ್ಕೆ ನೂಕುತ್ತದೆ. ಕೆಳಗಿಳಿಯುವ ಪಿಸ್ಟನ್ನು ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳನ್ನು ತೆರೆಯುತ್ತದೆ. ಒಂದು ಬದಿಯಿಂದ ಉರಿದ ಹೊಗೆ ಹೊರಗೆ ಹೋಗುತ್ತದೆ. ಇನ್ನೊಂದು ಬದಿಯಿಂದ ಹೊಸ ಮಿಶ್ರಣ ಒಳಗೆ ನುಗ್ಗುತ್ತದೆ. ಹೀಗೆ ಏರಿಗೊಂದು ಇಳಿತಕ್ಕೊಂದು ಎಂಬಂತೆ ಎರಡೇ ಹೊಡೆತಗಳಲ್ಲಿ ಎಲ್ಲ ಕೆಲಸವೂ ಮುಗಿಯುತ್ತದೆ. ಬಿಡಿಭಾಗಗಳು ಕಡಿಮೆ, ಆದುದರಿಂದ ಕೈಗೆ ಎಟಕುವ, ಮನಸ್ಸಿಗೆ ನಿಲುಕುವ ಯಂತ್ರವಿದು.

ಹೊರಗಿನ ರಚನೆಯಲ್ಲಿಯೂ ಮಲೆನಾಡಿಗೆ ಒಗ್ಗುವ ಗುಣಗಳಿದ್ದವು. ಸರಪಳಿಯನ್ನು ಪೂರ್ತಿಯಾಗಿ ಮುಚ್ಚುವ ತಗಡಿನ ಕವಚವಿದ್ದುದರಿಂದ ಕೆಸರು ಅದನ್ನು ತಾಕುತ್ತಿರಲಿಲ್ಲ. ಎಡಗಡೆಯ ಒಂದೇ ಸನ್ನೆಯು ಒಳಕ್ಕೆ ಒತ್ತಿ ತಿರುಗಿಸಿದಾಗ ಕಿಕ್ಕರಾಗುತ್ತಿತ್ತು. ಬಂಡಿ ಹೊರಟ ಮೇಲೆ ಗೇರು ಬದಲಿಸುವ ಸನ್ನೆಯಾಗುತ್ತಿತ್ತು. ಒಂದೇ ಸಿಲಿಂಡರಾದರೂ ಹೊಗೆಗೆ ಎರಡು ದಾರಿ, ಎರಡು ಸೈಲೆನ್ಸರು. ಆ ಜೋಡಿಯಿಂದ ಹೊರಡುತ್ತಿದ್ದ ದನಿಯನ್ನು ಕೇಳಿಯೇ ಮನೆಯವರು, ಯಜಮಾನರು ಗುಡ್ಡದ ತಿರುವಿಗೆ ಬಂದರೆಂದು ಒಲೆಯ ಮೇಲೆ ನೀರಿಡುತ್ತಿದ್ದರಂತೆ.

ಕೆಲಸ ಮೊದಲಾಯಿತು. ಟ್ಯಾಂಕಿನಲ್ಲಿ ಉಳಿದಿದ್ದ ಹಳೆಯ ಪೆಟ್ರೋಲು ಅಂಟಿನಂತಾಗಿತ್ತು. ಅದನ್ನು ಚೆಲ್ಲಿ, ಸೀಮೆಎಣ್ಣೆಯೊಡನೆ ಸಣ್ಣ ಕಲ್ಲುಗಳನ್ನು ಹಾಕಿ ಕುಲುಕಿ, ತುಕ್ಕನ್ನು ತೊಳೆದರು. ಒಡೆದ ರಬ್ಬರು ಕೊಳವೆಯನ್ನು ಬದಲಿಸಿದರು. ಕಾರ್ಬುರೇಟರನ್ನು ಬಿಚ್ಚಿದಾಗ ಅದರ ಸೂಕ್ಷ್ಮ ರಂಧ್ರ ಕಟ್ಟಿಕೊಂಡಿತ್ತು. ಮಗನು ತಂತಿಯೊಂದನ್ನು ತೂರಿಸಲು ಹೋದಾಗ ಹಿರಿಯರು ತಡೆದರು. "ತಂತಿ ಹಾಕಿದರೆ ರಂಧ್ರ ದೊಡ್ಡದಾಗುತ್ತದೆ. ಆಮೇಲೆ ಅದು ಎಷ್ಟು ಕುಡಿದರೂ ತಣಿಯುವುದಿಲ್ಲ. ಗಾಳಿ ಊದು." ಗಾಳಿ ಊದಿ, ಪೆಟ್ರೋಲಿನಲ್ಲಿ ನೆನೆಸಿ ಅದನ್ನು ಶುಚಿಗೊಳಿಸಿದರು.

ಬಳಿಕ ಸೈಲೆನ್ಸರಿನ ಸರದಿ. ಇಂತಹ ಎಂಜಿನ್ನಿನ ಕೆಳಗಿನ ಕೋಣೆಯಲ್ಲಿ ಬೇರೆ ಎಣ್ಣೆಯಿರುವುದಿಲ್ಲ. ಪೆಟ್ರೋಲಿಗೇ ಎಣ್ಣೆಯನ್ನು ಬೆರೆಸಬೇಕು, ಲೀಟರಿಗೆ ಸುಮಾರು ೪೦ ಮಿಲಿಲೀಟರು. ಆ ಎಣ್ಣೆಯು ಪಿಸ್ಟನ್ನನ್ನು ಕಾಪಾಡಿದ ಮೇಲೆ ಉರಿದುಹೋಗುತ್ತದೆ. ಆದರೆ ಹೋಗುವ ದಾರಿಯಲ್ಲೆಲ್ಲ ಮಸಿಯನ್ನು ಬಿಡುತ್ತದೆ. ಮಸಿ ಕಟ್ಟಿದ ಕಿಂಡಿಯಿಂದ ಹೊಗೆ ಸರಾಗವಾಗಿ ಹೊರಡಲಾರದು. ಹಳೆಯ ಉಸಿರನ್ನು ಬಿಡದವನು ಹೊಸ ಉಸಿರನ್ನು ಎಳೆದುಕೊಳ್ಳುವುದೆಂತು? ಏರಿನಲ್ಲಿ ಬಂಡಿ ಸೋಲುವುದಕ್ಕೆ ಅನೇಕ ವೇಳೆ ಇದೇ ಕಾರಣ. ಒಳಗಿನ ನಳಿಗೆಯನ್ನು ಹೊರಗೆಳೆದು ಮೊಮ್ಮಗಳು ಮಸಿಯನ್ನು ಕೆರೆದಳು. ಅವಳ ಕೈ ಮೊಣಕೈವರೆಗೂ ಕಪ್ಪಾಯಿತು.

ಕೊನೆಯದು ಕಿಡಿಯ ಕೆಲಸ. ಬಲಬದಿಯ ಮುಚ್ಚಳದೊಳಗೆ ಪಾಯಿಂಟುಗಳೆಂಬ ಎರಡು ಪುಟ್ಟ ಲೋಹದ ತುಟಿಗಳಿವೆ. ಅವು ಕೂಡಿದ್ದಾಗ ವಿದ್ಯುತ್ತು ಹರಿಯುತ್ತದೆ. ಬೇರ್ಪಟ್ಟ ಕ್ಷಣದಲ್ಲಿ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಮಲೆನಾಡಿನ ತೇವಕ್ಕೆ ಅವುಗಳ ಮೇಲೆ ಕಿಲುಬು ಕಟ್ಟುತ್ತದೆ. ನಯವಾದ ಉಪ್ಪುಕಾಗದದಿಂದ ಉಜ್ಜಿ, ಅವು ಪೂರ್ತಿ ತೆರೆದಾಗ ನಡುವೆ ಸುಮಾರು ೦.೪ ಮಿಲಿಮೀಟರು ಅಂತರವಿರುವಂತೆ ಕೂರಿಸಬೇಕು. ಹಿರಿಯರ ಕಣ್ಣಿಗೆ ಅದು ಕಾಣಿಸದು. ಅಳತೆಯ ಪಟ್ಟಿಯನ್ನು ಮೊಮ್ಮಗಳ ಕೈಗಿತ್ತು, "ಪಟ್ಟಿ ಬಿಗಿಯಾಗಿ ಸಿಕ್ಕಿಕೊಳ್ಳಬಾರದು, ಸಡಿಲವಾಗಿಯೂ ಜಾರಬಾರದು. ಬೆಣ್ಣೆಯೊಳಗೆ ಚೂರಿ ಸರಿದ ಹಾಗಿರಬೇಕು" ಎಂದರು. ಕಣ್ಣು ಅವಳದು, ಅನುಭವ ಅವರದು.

ಎಲ್ಲವೂ ಸಿದ್ಧವಾಯಿತು. ಮಗನು ಕಿಕ್ಕರನ್ನು ತುಳಿದನು. ಸದ್ದಿಲ್ಲ. ಮತ್ತೆ ತುಳಿದನು. ಒಮ್ಮೆ ಕೆಮ್ಮಿದಂತಾಗಿ ಸನ್ನೆಯು ಅವನ ಪಾದವನ್ನು ಹಿಂದಕ್ಕೆ ಒದೆಯಿತು. "ಈ ಹಳೆಯ ಕಬ್ಬಿಣದ ಸಹವಾಸವೇ ಬೇಡ" ಎಂದು ಅವನು ಬೆವರೊರೆಸಿಕೊಂಡನು. ಜಗಲಿಯಲ್ಲಿದ್ದ ಹಿರಿಯರ ಮುಖ ಮಾತ್ರ ಅರಳಿತು.

"ಒದೆಯಿತಲ್ಲ, ಜೀವವಿದೆ ಎಂದಾಯಿತು. ಕಿಡಿ ಆತುರಪಡುತ್ತಿದೆ. ಪಿಸ್ಟನ್ನು ಮೇಲೆ ಬರುವುದಕ್ಕೆ ಬಹಳ ಮೊದಲೇ ಹಾರಿ ಅದನ್ನು ಹಿಂದಕ್ಕೆ ತಳ್ಳುತ್ತಿದೆ. ಪಾಯಿಂಟಿನ ತಟ್ಟೆಯನ್ನು ಕೂದಲೆಳೆಯಷ್ಟು ತಿರುಗಿಸಿ ಕಿಡಿಯನ್ನು ತಡಮಾಡು."

ಕೂದಲೆಳೆಯಷ್ಟು ತಿರುಗಿಸಿದ್ದಾಯಿತು. ಮುಂದಿನ ತುಳಿತಕ್ಕೆ ಬಂಡಿ ನುಡಿಯಿತು. ನೀಲಿ ಹೊಗೆ ಅಂಗಳವನ್ನೆಲ್ಲ ತುಂಬಿತು; ಕೋಳಿಗಳು ಚದರಿದವು; ಮೊಮ್ಮಗಳು ಚಪ್ಪಾಳೆ ತಟ್ಟಿದಳು. ಹಿರಿಯರು ಕೋಲೂರಿ ಮೆಟ್ಟಿಲಿಳಿದು ಬಂದು, ಬಂಡಿಯ ಪಕ್ಕದಲ್ಲಿ ತಲೆಬಾಗಿಸಿ ಆಲಿಸಿದರು. "ಇನ್ನೂ ಹದವಾಗಿಲ್ಲ" ಎಂದರು.

ಹದ! ಮಲೆನಾಡಿನವರಿಗೆ ಈ ಮಾತು ಹೊಸದಲ್ಲ. ಅಡಕೆ ಬೇಯಿಸುವುದಕ್ಕೆ ಒಂದು ಹದವಿದೆ. ಆಲೆಮನೆಯ ಪಾಕಕ್ಕೆ ಒಂದು ಹದವಿದೆ. ಉಳುವ ಮಣ್ಣಿಗೆ ಒಂದು ಹದವಿದೆ. ಅಳತೆಗೋಲುಗಳು ಹದದ ಹತ್ತಿರದವರೆಗೆ ಕರೆದೊಯ್ಯುತ್ತವೆ. ಅಲ್ಲಿಂದ ಮುಂದೆ ಕಣ್ಣು, ಕಿವಿ, ಕೈಗಳೇ ದಾರಿ ತೋರಬೇಕು. ಕಾರ್ಬುರೇಟರಿನ ಗಾಳಿಯ ತಿರುಪನ್ನು ಹಿರಿಯರು ತಾವೇ ಹಿಡಿದರು. ನಡುಗುವ ಬೆರಳುಗಳು ತಿರುಪಿನ ಮೇಲೆ ಬಂದಾಗ ನಡುಕ ನಿಂತಿತು. ಕಾಲು ಸುತ್ತು ಒಳಕ್ಕೆ ತಿರುಗಿಸಿದರು, ದನಿ ಭಾರವಾಯಿತು. ಅರ್ಧ ಸುತ್ತು ಹೊರಕ್ಕೆ ತಿರುಗಿಸಿದರು. ದನಿ ಏರಿತು, ತೊದಲಿತು. ಮತ್ತೆ ಎಳ್ಳಷ್ಟು ಹಿಂದಕ್ಕೆ. ಎಂಜಿನ್ನು ಸಮನಾಗಿ, ನಿಶ್ಚಿಂತೆಯಿಂದ ಮಿಡಿಯತೊಡಗಿತು. "ಈಗ ಕೇಳು" ಎಂದು ಅವರು ಮಗನನ್ನು ಕರೆದರು. ಮೊದಲು ಅವನಿಗೆ ಏನೂ ತಿಳಿಯಲಿಲ್ಲ. ಅವರು ತಿರುಪನ್ನು ಕೆಡಿಸಿ, ಮರಳಿ ಸರಿಪಡಿಸಿ, ಮೂರು ಬಾರಿ ಕೇಳಿಸಿದರು. ಮೂರನೆಯ ಬಾರಿ ಅವನ ಮುಖ ಬೆಳಗಿತು. ನಾಲ್ಕನೆಯ ಬಾರಿ ತಿರುಪು ಅವನ ಕೈಯಲ್ಲಿತ್ತು.

ಸ್ವಲ್ಪ ದೂರ ಓಡಿಸಿ ಬಂದ ಮೇಲೆ ಪ್ಲಗ್ಗನ್ನು ಬಿಚ್ಚಿ ನೋಡಿದರು. ಪ್ಲಗ್ಗಿನ ಮುಖವೇ ಎಂಜಿನ್ನಿನ ನಾಡಿ. ಅದು ಕಪ್ಪಾಗಿ ಒದ್ದೆಯಾಗಿದ್ದರೆ ಪೆಟ್ರೋಲು ಹೆಚ್ಚಾಗಿದೆಯೆಂದು ಅರ್ಥ. ಸುಣ್ಣದಂತೆ ಬೆಳ್ಳಗಿದ್ದರೆ ಗಾಳಿ ಹೆಚ್ಚಾಗಿ ಎಂಜಿನ್ನು ಕಾಯುತ್ತಿದೆಯೆಂದು ಅರ್ಥ. ಹಾಲು ಬೆರೆತ ಕಾಫಿಯ ಬಣ್ಣವಿದ್ದರೆ ಹದ ಸರಿಯಾಗಿದೆ. ಅಂದು ಅದು ಕಾಫಿಯ ಬಣ್ಣಕ್ಕೆ ಬಂದಿತ್ತು.

ಮರುದಿನ ತಂದೆ-ಮಗ ಇಬ್ಬರೂ ಶಿರಸ್ತ್ರಾಣ ಧರಿಸಿ ಶೃಂಗೇರಿಗೆ ಹೊರಟರು. ಮಗ ಮುಂದೆ, ತಂದೆ ಹಿಂದೆ. ಹರಿಹರಪುರದಲ್ಲಿ ತುಂಗೆಯ ದರ್ಶನವಾಯಿತು. ಮುಂದೊಂದು ಉದ್ದನೆಯ ಇಳಿಜಾರು ಬಂದಾಗ ಮಗನು ಪೆಟ್ರೋಲನ್ನು ಪೂರ್ತಿ ತಗ್ಗಿಸಿ ಬಂಡಿಯನ್ನು ಗೇರಿನಲ್ಲಿಯೇ ಇಳಿಯಬಿಟ್ಟನು. ಹಿಂದಿನಿಂದ ಹೆಗಲ ಮೇಲೆ ಒಂದು ತಟ್ಟು ಬಿದ್ದಿತು. "ನಡುನಡುವೆ ಸ್ವಲ್ಪ ಪೆಟ್ರೋಲು ಕೊಡು. ಪೆಟ್ರೋಲು ನಿಂತರೆ ಅದರೊಡನೆ ಎಣ್ಣೆಯೂ ನಿಲ್ಲುತ್ತದೆ. ಒಣಗಿದ ಪಿಸ್ಟನ್ನು ಸಿಲಿಂಡರನ್ನು ಕಚ್ಚಿಕೊಂಡರೆ ಚಕ್ರವೂ ನಿಲ್ಲುತ್ತದೆ, ನಾವೂ ಬೀಳುತ್ತೇವೆ." ಆಗುಂಬೆ ಘಾಟಿಯನ್ನು ಎಷ್ಟೋ ಬಾರಿ ಇಳಿದವರ ಮಾತು ಅದು. ಬಂಡಿಯೊಡನೆ ಕೊಡುವ ಕೈಪಿಡಿ ಎಂದೋ ಕಳೆದುಹೋಗಿತ್ತು. ಕೈಪಿಡಿಯಲ್ಲಿದ್ದುದು, ಇಲ್ಲದುದು ಎರಡೂ ಹಿಂದಿನ ಆಸನದಲ್ಲಿ ಕುಳಿತಿತ್ತು.

ಶೃಂಗೇರಿಯಲ್ಲಿ ವಿದ್ಯಾಶಂಕರ ದೇವಾಲಯದ ಬಳಿ, ಹೊಳೆಯ ಮೆಟ್ಟಿಲುಗಳ ಮೇಲೆ ಇಬ್ಬರೂ ಬಹಳ ಹೊತ್ತು ಕುಳಿತರು. ಮೀನುಗಳಿಗೆ ಮಂಡಕ್ಕಿ ಹಾಕಿದರು. ವರ್ಷಗಳಿಂದ ದೂರವಾಣಿಯಲ್ಲಿ ಅಡಕೆಯ ಧಾರಣೆ, ಔಷಧದ ಚೀಟಿಗಳನ್ನಷ್ಟೆ ಮಾತನಾಡುತ್ತಿದ್ದವರಿಗೆ ಅಂದು ಮಾತು ತಾನಾಗಿ ಬಂದಿತು. ಅದರ ಮರುದಿನ ಹಿಂದಿನ ಆಸನ ಮೊಮ್ಮಗಳದಾಯಿತು. ಓಡಿಸಲು ಅವಳಿಗಿನ್ನೂ ವಯಸ್ಸಾಗಿಲ್ಲ. ಗೇರು ಇರುವ ಮೋಟಾರ್ ಸೈಕಲ್ ಓಡಿಸುವ ಪರವಾನಗಿ ದೊರೆಯುವುದು ಹದಿನೆಂಟು ತುಂಬಿದ ಮೇಲೆ. ಹಿಂದೆ ಎಡೆಹಳ್ಳಿ ಎಂದು ಹೆಸರಾಗಿದ್ದ ನರಸಿಂಹರಾಜಪುರದವರೆಗೆ ಅವಳು ಎಂಜಿನ್ನಿನ ದನಿಯನ್ನು ಆಲಿಸುತ್ತಲೇ ಹೋದಳು. ಲಕ್ಕವಳ್ಳಿಯಲ್ಲಿ ಭದ್ರೆಗೆ ಕಟ್ಟಿದ ಅಣೆಕಟ್ಟಿನ ಹಿನ್ನೀರು ಕಂಡಾಗ ಬಂಡಿ ನಿಂತಿತು. "ಅಪ್ಪಾ, ಇದು ಸ್ವಲ್ಪ ತೊದಲುತ್ತಿದೆ, ಗಾಳಿಯ ತಿರುಪು ಸಡಿಲವಾಯಿತೋ ಏನೋ" ಎಂದಳು. ನೋಡಿದಾಗ ಹಾಗೆಯೇ ಆಗಿತ್ತು.

ಹಳೆಯದೆಲ್ಲವೂ ಒಳ್ಳೆಯದೆಂದು ಇದರಿಂದ ತಿಳಿಯಬಾರದು. ಎರಡು ಹೊಡೆತದ ಎಂಜಿನ್ನಿನಲ್ಲಿ ಹೊಸ ಮಿಶ್ರಣದ ಒಂದು ಪಾಲು ಉರಿಯದೆಯೇ ಹೊಗೆಯೊಡನೆ ಹೊರಗೆ ಹೋಗುತ್ತದೆ. ಎಣ್ಣೆಯೂ ಉರಿದು ಗಾಳಿಯನ್ನು ಕೆಡಿಸುತ್ತದೆ. ಲಕ್ಷಾಂತರ ಜನ ದಿನವೂ ಇಂತಹ ಬಂಡಿಗಳನ್ನೇ ಓಡಿಸಿದರೆ ಉಸಿರಾಡುವುದು ಕಷ್ಟ. ಹದಿನೈದು ವರ್ಷ ಕಳೆದ ಬಂಡಿಯನ್ನು ರಸ್ತೆಗೆ ಇಳಿಸಬೇಕಾದರೆ ತಪಾಸಣೆ ಮಾಡಿಸಿ ನೋಂದಣಿಯನ್ನು ನವೀಕರಿಸಬೇಕೆಂಬ ನಿಯಮವಿದೆ. ಐವತ್ತು ವರ್ಷಕ್ಕೂ ಹಳೆಯ ವಾಹನಗಳನ್ನು ಪುರಾತನ ವಾಹನಗಳೆಂದು ನೋಂದಾಯಿಸುವ ವ್ಯವಸ್ಥೆ ೨೦೨೧ರಲ್ಲಿ ಬಂದಿತು. ಹಾಗೆ ನೋಂದಾಯಿಸಿದವನ್ನು ದಿನಬಳಕೆಗೆ ಓಡಿಸುವಂತಿಲ್ಲ. ಜಾವಾ ಹೆಸರು ೨೦೧೮ರಲ್ಲಿಯೂ ಯೆಜ್ದಿ ಹೆಸರು ೨೦೨೨ರಲ್ಲಿಯೂ ಹೊಸ ಬಂಡಿಗಳ ಮೇಲೆ ಮರಳಿ ಬಂದಿವೆ. ಆದರೆ ಅವು ನಾಲ್ಕು ಹೊಡೆತದ, ಕಡಿಮೆ ಹೊಗೆಯ ಯಂತ್ರಗಳು. ಹಳೆಯವನ್ನು ಉಳಿಸಿಕೊಂಡವರು ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ದಿನವೆಂದು ಒಂದೆಡೆ ಸೇರುತ್ತಾರೆ. ಬಿಡಿಭಾಗಗಳನ್ನೂ ತಿಳಿವಳಿಕೆಯನ್ನೂ ಹಂಚಿಕೊಳ್ಳುತ್ತಾರೆ.

ಬಿಡಿಭಾಗವನ್ನು ಹೊಸದಾಗಿ ಎರಕ ಹೊಯ್ಯಬಹುದು. ಹದವನ್ನು ಹಾಗೆ ಎರಕ ಹೊಯ್ಯಲಾಗದು. ಅದು ಒಬ್ಬರ ಕಿವಿಯಿಂದ ಇನ್ನೊಬ್ಬರ ಕಿವಿಗೆ, ಒಬ್ಬರ ಬೆರಳಿನಿಂದ ಇನ್ನೊಬ್ಬರ ಬೆರಳಿಗೆ ಸಾಗಿ ಬರಬೇಕು. ನಡುವೆ ಒಂದು ತಲೆಮಾರು ಕೈ ಚಾಚದಿದ್ದರೆ ಅದು ಅಲ್ಲಿಗೇ ನಿಲ್ಲುತ್ತದೆ. ರಜೆ ಮುಗಿದು ಮಗ-ಮೊಮ್ಮಗಳು ಬೆಂಗಳೂರಿಗೆ ಹೊರಟ ದಿನ ಬಂಡಿ ಕೊಟ್ಟಿಗೆಗೆ ಮರಳಿತು. ಅದರ ಮೇಲೆ ಕಂಬಳಿ ಹೊದಿಸುವ ಮುನ್ನ ಹಿರಿಯರು ಮೊಮ್ಮಗಳ ಕೈಗೆ ಅಳತೆಯ ಪಟ್ಟಿಯನ್ನು ಕೊಟ್ಟು, "ಇದು ನಿನ್ನ ಹತ್ತಿರವೇ ಇರಲಿ. ಮುಂದಿನ ರಜೆಗೆ ತರಬೇಕು" ಎಂದರು.

ಪದಗಳ ಅರ್ಥ

ಓರೆ – ಇಳಿಜಾರಾದ ಬದಿ
ಜಗಲಿ – ಮನೆಯ ಮುಂಭಾಗದ ಎತ್ತರದ ಕಟ್ಟೆ
ಸನ್ನೆ – ಎತ್ತಲು ಅಥವಾ ಒತ್ತಲು ಬಳಸುವ ಸಲಾಕೆ
ಕಿಲುಬು – ಲೋಹದ ಮೇಲೆ ಕಟ್ಟುವ ಕೊಳೆ
ಉಪ್ಪುಕಾಗದ – ಉಜ್ಜಿ ನಯಮಾಡುವ ಒರಟು ಕಾಗದ
ಆಲೆಮನೆ – ಕಬ್ಬನ್ನು ಅರೆದು ಬೆಲ್ಲ ಮಾಡುವ ಸ್ಥಳ
ಧಾರಣೆ – ಮಾರುಕಟ್ಟೆಯ ಬೆಲೆ
ಶಿರಸ್ತ್ರಾಣ – ತಲೆಯನ್ನು ಕಾಯುವ ಕವಚ, ಹೆಲ್ಮೆಟ್

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
೧. ಜಾವಾ ಎಂಬ ಹೆಸರು ಹೇಗೆ ಬಂದಿತು?
೨. ಮೈಸೂರಿನ ಕಾರ್ಖಾನೆಯನ್ನು ಯಾರು, ಯಾವಾಗ ಉದ್ಘಾಟಿಸಿದರು?
೩. ಕಾರ್ಬುರೇಟರಿನ ರಂಧ್ರಕ್ಕೆ ತಂತಿಯನ್ನು ಏಕೆ ತೂರಿಸಬಾರದು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
೧. ಎರಡು ಹೊಡೆತದ ಎಂಜಿನ್ನು ಕೆಲಸ ಮಾಡುವ ಕ್ರಮವನ್ನು ವಿವರಿಸಿರಿ.
೨. ಉದ್ದನೆಯ ಇಳಿಜಾರಿನಲ್ಲಿ ತಂದೆ ಮಗನಿಗೆ ನೀಡಿದ ಎಚ್ಚರಿಕೆ ಯಾವುದು? ಅದಕ್ಕೆ ಕಾರಣವೇನು?
೩. 'ಕಣ್ಣು ಅವಳದು, ಅನುಭವ ಅವರದು' ಎಂಬ ಮಾತಿನ ಸ್ವಾರಸ್ಯವನ್ನು ತಿಳಿಸಿರಿ.

ಇ) ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿರಿ.
ಮಳೆಗಾಲ, ಹಳ್ಳದಾಚೆ, ಕೈಯಲ್ಲಿ

ಈ) ನಿಮ್ಮ ಮನೆಯ ಅಥವಾ ನೆರೆಮನೆಯ ಹಿರಿಯರಿಗೆ ತಿಳಿದಿರುವ, ಪುಸ್ತಕದಲ್ಲಿ ದೊರೆಯದ ಒಂದು ಕೆಲಸದ ಹದವನ್ನು ಕೇಳಿ ತಿಳಿದು ಒಂದು ಪುಟ ಬರೆಯಿರಿ.